ತಾಯಿಯ ತವರಿನ ಹೆಸರು

ಈ ಸಂಚಿಕೆಯಲ್ಲಿ ಶಾಲೆಯ ಏಳಿಗೆಯ ವಿಷಯವನ್ನು ಇತರರು ಬರೆದಿರುವುದರಿಂದ, ನಮ್ಮ ಮನೆತನಕ್ಕೆ ಸೇರಿದ ಒಂದು ಶೋಧನೆಯ ವೃತ್ತಾಂತವನ್ನು ಅರಿಕೆಮಾಡಿಕೊಳ್ಳುತ್ತೇವೆ. ಅದರಿಂದ ಶಾಲೆಗೂ ಒಂದು ಪಾಠವು ದೊರೆತಿರುವುದರಿಂದ ಅದು ಅಪ್ರಕೃತವೆನಿಸದೆಂದು ನಂಬಿದ್ದೇವೆ.

ನಮ್ಮ ತಾಯಿಯವರ ವಂಶದ ಮೂಲಪುರುಷನು ಐರ್ಲೆಂಡಿನವನು. ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ಸೈನ್ಯದ ಯುರೋಪಿಯನ್ ದಳದಲ್ಲಿ ಸೈನಿಕನಾಗಿ ಬಂದು, ಬೆಂಗಳೂರಿನ ದಂಡಿನಲ್ಲಿ ನೆಲೆನಿಂತವನು. ಇಷ್ಟನ್ನು ಮಾತ್ರವೇ ಹಿರಿಯರ ಬಾಯಿಂದ ಕೇಳಿದ್ದೆವು. ಅವನ ಹುಟ್ಟೂರನ್ನು ಕಂಡುಹಿಡಿಯಬೇಕೆಂದು ಎರಡು ವರ್ಷಗಳ ರಜಾದಿನಗಳನ್ನು ವಿನಿಯೋಗಿಸಿದೆವು.

ಕೆಲಸವು ಸುಲಭವಾದುದಲ್ಲ. ಐರ್ಲೆಂಡಿನಲ್ಲಿ ಸರ್ಕಾರವು ಜನನ ಮರಣಗಳನ್ನೂ ಎಲ್ಲ ಮತದವರ ವಿವಾಹಗಳನ್ನೂ ದಾಖಲೆಮಾಡತೊಡಗಿದುದು 1864ರಲ್ಲಿ. ಕ್ಯಾಥೋಲಿಕರಲ್ಲದವರ ವಿವಾಹಗಳು ಮಾತ್ರ 1845ರಿಂದಲೇ ದಾಖಲೆಯಾಗುತ್ತಿದ್ದುವು. ಅದಕ್ಕೂ ಹಿಂದೆ ಹುಟ್ಟಿದವನನ್ನು ಹುಡುಕುವುದಕ್ಕೆ ಪ್ಯಾರಿಷ್ ದೇವಾಲಯಗಳ ಪುಸ್ತಕಗಳೇ ಮುಖ್ಯ ಆಧಾರ. ಡಬ್ಲಿನ್ ನಗರದ ಫೋರ್ ಕೋರ್ಟ್ಸ್ ಕಟ್ಟಡದ ಆವರಣದಲ್ಲಿದ್ದ ದಾಖಲೆಗಳ ಭಂಡಾರವು 1922ನೆಯ ಜೂನ್ 30ರಂದು ಅಂತರ್ಯುದ್ಧದ ಬೆಂಕಿಗೆ ಆಹುತಿಯಾಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಹಾಳೆಗಳು ಬಹುಮಟ್ಟಿಗೆ ಅಲ್ಲಿಯೇ ಸುಟ್ಟುಹೋದುವು. ಅಲ್ಲಿಗೆ ಒಪ್ಪಿಸಲ್ಪಟ್ಟಿದ್ದ ಪ್ರಾಟೆಸ್ಟೆಂಟ್ ಸಭಾಪುಸ್ತಕಗಳೂ ನಾಶವಾದುವು. ಕ್ಯಾಥೋಲಿಕ್ ಪುಸ್ತಕಗಳು ಆಯಾ ಊರಿನ ಪಾದ್ರಿಗಳ ಬಳಿಯಲ್ಲಿಯೇ ಇದ್ದುದರಿಂದ ಉಳಿದುವು.

ಆ ಬೆಂಕಿಯಿಂದಲೂ ಕೆಲವು ಹೆಸರುಗಳು ಉಳಿದುಕೊಂಡ ಬಗೆಯು ಸ್ವಾರಸ್ಯವಾಗಿದೆ. 1908ರ ಕಾಯಿದೆಯ ಮೇರೆಗೆ, ಎಪ್ಪತ್ತು ವರ್ಷ ತುಂಬಿದ ಬಡವರಿಗೆ 1909ರಿಂದ ವೃದ್ಧಾಪ್ಯವೇತನವು ಸಲ್ಲತೊಡಗಿತು. ಆ ವಯಸ್ಸಿನವರಿಗೆ ಸರ್ಕಾರದ ಜನನಪತ್ರವೆಲ್ಲಿಯದು? ಆದುದರಿಂದ 1841 ಮತ್ತು 1851ರ ಜನಗಣತಿಯಲ್ಲಿ ತಮ್ಮ ಹೆಸರನ್ನು ಹುಡುಕಿಸಿಕೊಡಬೇಕೆಂದು ಅನೇಕ ಮುದುಕರೂ ಮುದುಕಿಯರೂ, ತಂದೆತಾಯಿಗಳ ಹೆಸರನ್ನೂ ಊರನ್ನೂ ತಿಳಿಸಿ, ಅರ್ಜಿಹಾಕಿಕೊಂಡರು. ಮೂಲವು ಬೂದಿಯಾದರೂ ಆ ಅರ್ಜಿಗಳೂ ಅವುಗಳ ಮೇಲೆ ಗುಮಾಸ್ತರು ಬರೆದ ಉತ್ತರಗಳೂ ಇಂದಿಗೂ ಇವೆ. ತುತ್ತು ಅನ್ನಕ್ಕಾಗಿ ಬರೆದ ಕಾಗದವು ವಂಶಕ್ಕೆ ಸಾಕ್ಷಿಯಾಯಿತು.

ನಮ್ಮ ಹಿರಿಯನ ಪ್ಯಾರಿಷ್ ಕಾರ್ಕ್ ಕೌಂಟಿಯದೆಂದು ಕಂಪೆನಿಯ ಸೈನ್ಯದ ಪಟ್ಟಿಯಿಂದ ತಿಳಿಯಿತು. ಕ್ಯಾಥೋಲಿಕ್ ಪ್ಯಾರಿಷ್ ಪುಸ್ತಕಗಳ ಛಾಯಾಪ್ರತಿಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದವರು 2015ರಲ್ಲಿ ಅಂತರ್ಜಾಲದಲ್ಲಿ ಯಾವ ಶುಲ್ಕವೂ ಇಲ್ಲದೆ ಒದಗಿಸಿದರು. ಮಾಸಿದ ಶಾಯಿಯ, ಲ್ಯಾಟಿನ್ ರೂಪದ ಹೆಸರುಗಳುಳ್ಳ ಆ ಪುಟಗಳನ್ನು ಒಂದೊಂದಾಗಿ ಓದಿದೆವು. ಹೆಸರೂ ತಂದೆಯ ಹೆಸರೂ ಒಂದೇ ಆಗಿರುವ ಮೂವರು ಕೂಸುಗಳು ಮೂರೇ ವರ್ಷಗಳಲ್ಲಿ ದೀಕ್ಷಾಸ್ನಾನ ಹೊಂದಿದ್ದುವು. ಅವರಲ್ಲಿ ನಮ್ಮವನು ಯಾರು? ಅಲ್ಲಿನ ಪಾದ್ರಿಗಳು ತಾಯಿಯ ಹೆಸರಿನೊಡನೆ ಅವಳ ತವರಿನ ಮನೆತನದ ಹೆಸರನ್ನೂ ಬರೆದಿದ್ದರು. ಮೂರರಲ್ಲಿ ಒಂದನ್ನು ಓದಿದೊಡನೆ ನಾವು ಬೆರಗಾದೆವು. ನಮ್ಮ ವಂಶದಲ್ಲಿ ತಲೆತಲಾಂತರದಿಂದ ಹಿರಿಯ ಮಗನಿಗೆ ನಡುಹೆಸರಾಗಿ ಇಡುತ್ತಿದ್ದ, ಅರ್ಥವನ್ನು ಯಾರೂ ಅರಿಯದಿದ್ದ ಶಬ್ದವೇ ಅದು! ಸಮುದ್ರವನ್ನು ದಾಟಿ ಬಂದ ಮಗನು ತಾಯಿಯ ತವರನ್ನು ಮರೆತಿರಲಿಲ್ಲ.

ಬಳಿಕ ಅವನ ವಿವಾಹದ ದಾಖಲೆಯನ್ನು ಹುಡುಕಿದೆವು. ಮದರಾಸು ಆಧಿಪತ್ಯದ ಸಭಾಪುಸ್ತಕಗಳಿಂದ ಲಂಡನ್ನಿಗೆ ಕಳುಹಿಸುತ್ತಿದ್ದ ನಕಲುಗಳು ಈಗ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ಅವನ ಹೆಸರು, ದಳ, ಹುದ್ದೆ, ಎಲ್ಲವೂ ಸ್ಪಷ್ಟವಾಗಿದ್ದುವು. ವಧುವಿನ ಸ್ಥಾನದಲ್ಲಿ ದೀಕ್ಷಾಸ್ನಾನದ ಹೆಸರೊಂದು. ಅದರ ಮುಂದೆ, ಈ ದೇಶದ ಹೆಂಗಸು ಎಂದಿಷ್ಟೇ. ತಂದೆಯ ಹೆಸರಿಲ್ಲ, ತಾಯಿಯ ಹೆಸರಿಲ್ಲ, ಊರಿಲ್ಲ. ಅವಳು ಕನ್ನಡದವಳೋ, ತಮಿಳಿನವಳೋ, ತೆಲುಗಿನವಳೋ! ಅಕ್ಷರವನ್ನೇ ಅರಿಯದಿದ್ದಿರಬಹುದಾದ ಕಾರ್ಕ್ ಸೀಮೆಯ ಬಡ ತಾಯಿಯ ತವರು ನಮಗೆ ಗೊತ್ತಾಯಿತು. ನಮಗೆ ಈ ಮಣ್ಣಿನ ಮೈಬಣ್ಣವನ್ನೂ ಮಾತನ್ನೂ ಕೊಟ್ಟ ತಾಯಿಯ ತವರು ಗೊತ್ತಾಗಲಿಲ್ಲ. ಆ ಸಂತೋಷಕ್ಕಿಂತ ಈ ದುಃಖವೇ ನಮ್ಮಲ್ಲಿ ಹೆಚ್ಚು ದಿನ ಉಳಿದಿದೆ.

ಅವಳನ್ನು ಬೆಂಕಿಯು ಅಳಿಸಲಿಲ್ಲ, ಯುದ್ಧವೂ ಅಳಿಸಲಿಲ್ಲ. ಲೇಖನಿ ಹಿಡಿದವರು ಕೇಳಲಿಲ್ಲ, ಬರೆಯಲಿಲ್ಲ. ಅಷ್ಟರಿಂದಲೇ ಅವಳು ಇಲ್ಲದಂತಾದಳು. ಪ್ರತಿವರ್ಷವೂ ನೂರಾರು ಬಾಲಿಕೆಯರ ಹೆಸರನ್ನು ಬರೆದುಕೊಳ್ಳುವ ಲೇಖನಿಯು ನಮ್ಮ ಕೈಯಲ್ಲಿಯೂ ಇದೆ. ಆದುದರಿಂದ ಈ ವರ್ಷದಿಂದ ಶಾಲೆಯಲ್ಲಿ ಪ್ರತ್ಯೇಕವಾದ ಒಂದು ಪುಸ್ತಕವನ್ನಿಟ್ಟು, ಒಬ್ಬೊಬ್ಬ ಬಾಲಿಕೆಯ ತಾಯಿಯ ಪೂರ್ಣ ಹೆಸರು, ಅವಳ ತಂದೆತಾಯಿಗಳ ಹೆಸರು, ತವರೂರು ಇವುಗಳನ್ನು ಬರೆಯಿಸುತ್ತಿದ್ದೇವೆ. ಮೊದಲ ದಿನ ಒಬ್ಬ ತಾಯಿಯು, ನನ್ನ ಹೆಸರೇತಕ್ಕಮ್ಮಾ, ಅವರ ತಂದೆಯ ಹೆಸರಿದೆಯಲ್ಲ ಎಂದರು. ಬರೆಯಿಸಿದ ಮೇಲೆ ಆ ಸಾಲನ್ನು ಎರಡು ಸಾರಿ ಓದಿಸಿ ಕೇಳಿಕೊಂಡು ಹೋದರು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ತಾಯಿಯೂ ಅಜ್ಜಿಯೂ ಇನ್ನೂ ಇದ್ದರೆ ಇಂದೇ ಕೇಳಿ ಬರೆದಿಡಿರಿ. ಬರೆದುದರ ಒಂದು ಪ್ರತಿಯನ್ನು ನಮಗೂ ಕಳುಹಿಸಿರಿ. ಆ ಪುಸ್ತಕದಲ್ಲಿ ನಿಮಗಾಗಿಯೂ ಹಾಳೆಗಳನ್ನು ಬಿಟ್ಟಿದ್ದೇವೆ.