ತಲೆಕೆಳಗಾಗಿ ಜೋತ ಕೀಡಿ

ನನ್ನ ತವರು ಜೇವರ್ಗಿ ಕಡೆ, ಕೊಟ್ಟ ಮನೆ ಆಳಂದ, ಹೊಟ್ಟೆಪಾಡಿನ ಶಾಲೆ ಅಫಜಲಪುರ ತಾಲ್ಲೂಕು. ಮೂರೂ ಕಡೆ ತೊಗರಿಯದೇ ಮಾತು. ಬಿ.ಎ., ಬಿ.ಎಡ್. ಮಾಡಿದ ನನಗೆ ವಿಜ್ಞಾನ ದೂರದ ನೆಂಟ. ಆದರೂ ಕೃಷಿ ಓದುವ ತಂಗಿಯ ಮಗಳು ಮೊನ್ನೆ ಒಂದು ಚಿತ್ರ ತಂದು ಮುಂದಿಟ್ಟಳು. ಬೂದು ಬಣ್ಣದ ದುಂಡನೆಯ ಬಯಲು, ಅದರ ತುಂಬ ಮೂಲೆ ಮೂಲೆಯಾದ ಕರಿ ಹರಳು.

“ಸಾಸಿವಿ ಚೆಲ್ಲಿದ ಪರಾತ ಏನವ್ವ ಇದು?” ಎಂದೆ.

“ಅಲ್ಲ ದೊಡ್ಡವ್ವ, ತೊಗರಿ ಕಾಯಿಕೊರಕ ಕೀಡಿಯ ಒಂದೇ ಜೀವಕೋಶದ ನ್ಯೂಕ್ಲಿಯಸ್ಸು. ರೋಗ ಹತ್ತಿದ್ದು.”

ಒಂದೊಂದು ಹರಳೂ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟು. ಅದರೊಳಗೆ ಕಡ್ಡಿ ಕಡ್ಡಿಯಾಗಿ ಹುದುಗಿದ್ದೇ ಎನ್.ಪಿ.ವಿ. ಎಂಬ ವೈರಸ್ಸು. ಹರಳು ಸಾಧಾರಣ ಸೂಕ್ಷ್ಮದರ್ಶಕದಲ್ಲೂ ಕಂಡೀತು, ಕಡ್ಡಿ ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. 1931ರಲ್ಲಿ ಬರ್ಲಿನ್ನಿನಲ್ಲಿ ನೋಲ್ ಮತ್ತು ರಸ್ಕಾ ಕಟ್ಟಿದ ಯಂತ್ರ ಅದು. ರಸ್ಕಾಗೆ ನೊಬೆಲ್ ಸಿಕ್ಕಿದ್ದು 1986ರಲ್ಲಿ! ಕೀಡಿಯ ಚೂರನ್ನು ರಾಳದಲ್ಲಿ ಗಟ್ಟಿ ಮಾಡಿ, ಒಂದು ಮಿಲಿಮೀಟರಿಗೆ ಹತ್ತು ಸಾವಿರಕ್ಕೂ ಹೆಚ್ಚು ಪದರ ಬರುವಷ್ಟು ತೆಳ್ಳಗೆ ಕೊಯ್ಯುತ್ತಾರಂತೆ. ಹಪ್ಪಳ ತೆಳ್ಳಗೆ ಲಟ್ಟಿಸುತ್ತೇನೆಂದು ಜಂಭ ಪಡುವ ನಾನು ಸುಮ್ಮನಾದೆ.

ನನಗೆ ನೆನಪಾದದ್ದು 1997ರ ಚಳಿಗಾಲ. ಅಣ್ಣ ಉದ್ರಿ ತಂದು ತಂದು ಔಷಧಿ ಹೊಡೆದ. ಕೀಡಿ ಸಾಯಲಿಲ್ಲ. ಆಗಿನ ಗುಲ್ಬರ್ಗಾ, ಬೀದರ ಜಿಲ್ಲೆಗಳಲ್ಲಿ ತೊಗರಿ ಕೈಕೊಟ್ಟು ರೈತರು ಜೀವ ಕಳೆದುಕೊಂಡ ಸುದ್ದಿ ಬಂದಾಗಲೆಲ್ಲ ವೈನಿ ಔಷಧಿ ಡಬ್ಬಿಗಳನ್ನು ಕಣಕಿ ಬಣವಿಯೊಳಗೆ ಮುಚ್ಚಿಡುತ್ತಿದ್ದಳು, ರಾತ್ರಿ ಎದ್ದು ಹೋಗಿ ಎಣಿಸುತ್ತಿದ್ದಳು. ಅಣ್ಣನಿಗೆ ಗೊತ್ತಿತ್ತೋ ಏನೋ, ಒಂದು ದಿನವೂ ಕೇಳಲಿಲ್ಲ.

ಆಗಲೇ ಅವ್ವ ನೋಡಿದ್ದು: ಗಿಡದ ತುದಿಗೆ ಏರಿ, ತಲೆ ಕೆಳಗಾಗಿ ಜೋತುಬಿದ್ದ ಕೀಡಿಗಳು. ಮುಟ್ಟಿದರೆ ಒಡೆದು ನೀರು. “ಇವಕ್ಕ್ಯಾವ ಬ್ಯಾನಿ ಬಂತೋ” ಎನ್ನುತ್ತ ನಾವು ಹೆಂಗಸರು ಅಸಹ್ಯಪಟ್ಟು ಆರಿಸಿ ಹೊಲದ ಬದುವಿನಲ್ಲಿ ಹುಗಿದೆವು.

ಆ ನೀರಿನ ತುಂಬ ಇದ್ದದ್ದು ಈ ಚಿತ್ರದ ಹರಳೇ! ಅಂಥ ಕೀಡಿ ಅರೆದು, ಬಟ್ಟೆಯಲ್ಲಿ ಸೋಸಿ, ಬೆಲ್ಲ ಬೆರೆಸಿ ಹೊಡೆಯುವುದೇ ಒಂದು ಔಷಧಿಯಂತೆ. ಎಕರೆಗೆ 100 ಕೀಡಿಯದು ಸಾಕು. ಬಿಸಿಲಿಗೆ ವೈರಸ್ಸು ಸಾಯುವುದರಿಂದ ಸಂಜೆ ಹೊಡೆಯಬೇಕು, ಬಟ್ಟೆಗೆ ಹಾಕುವ ನೀಲಿಯನ್ನೂ ಚೂರು ಸೇರಿಸುತ್ತಾರೆ. ಎಲೆಯೊಡನೆ ಹೊಟ್ಟೆಗಿಳಿದ ಹರಳು ಅಲ್ಲಿ ಕರಗುತ್ತದೆ, ಕಡ್ಡಿಗಳು ಹೊರಬಿದ್ದು ಜೀವಕೋಶ ಹೊಕ್ಕು ಹೆಚ್ಚುತ್ತವೆ. ಕೀಡಿ ಸಾಯಲು ವಾರ ಹಿಡಿದೀತು. ಸಣ್ಣ ಮರಿಗಳಿದ್ದಾಗಲೇ ಹೊಡೆಯಬೇಕು. ದನಕ್ಕೆ, ಜೇನಿಗೆ, ಮನುಷ್ಯರಿಗೆ ಏನೂ ಆಗದು.

ಭಾನುವಾರ ತವರಿಗೆ ಹೋಗಿ ವೈನಿಗೆ ಚಿತ್ರ ತೋರಿಸಿದೆ. ಕೈಚಾಚಿ ದೂರ ಹಿಡಿದು ನೋಡಿದಳು.

“ಅವತ್ತ ನಾವು ಹುಗದದ್ದು ಎಷ್ಟಿದ್ವು?”

“ಎರಡು ತಂಬಿಗಿ.”

ವೈನಿ ಬೆರಳ ಮೇಲೆ ಎಕರೆ ಲೆಕ್ಕ ಹಾಕತೊಡಗಿದಳು.