ಹತ್ತಕ್ಕೆ ಎರಡು

ಅಮೆರಿಕನ್ ಫುಟ್‌ಬಾಲಿನಲ್ಲಿ ಹೆಸರಿಗೆ ಕಾಲು, ಆಟವೆಲ್ಲ ಕೈಯಲ್ಲಿ! ಅದರ ನಿಯಮಗಳು ನನಗೆ ಇಂದಿಗೂ ಪೂರ್ತಿ ದಕ್ಕಿಲ್ಲ. ಆದರೂ ಮಾರ್ಷಲ್ ವಿಶ್ವವಿದ್ಯಾಲಯದ ತಂಡದ 1971ರ ಕ್ರೀಡಾಋತುವನ್ನು ಮರೆಯಲಾರೆ.

ವೆಸ್ಟ್ ವರ್ಜೀನಿಯಾ ರಾಜ್ಯದ ಹಂಟಿಂಗ್ಟನ್ ಈ ವಿಶ್ವವಿದ್ಯಾಲಯದ ಊರು. 1970ರ ನವೆಂಬರ್ 14ರಂದು, ಪಂದ್ಯವೊಂದನ್ನು ಸೋತು ಮರಳುತ್ತಿದ್ದ ತಂಡದ ವಿಮಾನವು ಊರ ಸಮೀಪದಲ್ಲೇ ಗುಡ್ಡಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 75 ಮಂದಿಯೂ ತೀರಿಕೊಂಡರು. ಅವರಲ್ಲಿ 37 ಮಂದಿ ಆಟಗಾರರು. ಆಯುಷ್ಯವೆಲ್ಲ ಹಾಜರಿ ಪುಸ್ತಕ ಹಿಡಿದವನಿಗೆ, ಆ ಹೆಸರುಗಳ ಬಳಿ ತಡೆದು ನಿಂತಿರಬಹುದಾದ ಅಧ್ಯಾಪಕರೇ ಮೊದಲು ಕಣ್ಣಿಗೆ ಕಟ್ಟುತ್ತಾರೆ.

ಮರುವರ್ಷ ಹೊಸ ತರಬೇತುದಾರರಾಗಿ ಬಂದ ಜಾಕ್ ಲೆಂಗ್ಯೆಲ್, ವಿಶೇಷ ಅನುಮತಿಯಿಂದ ಮೊದಲ ವರ್ಷದ ಹುಡುಗರನ್ನೂ ಸೇರಿಸಿಕೊಂಡು ತಂಡ ಕಟ್ಟಿದರು. ಸೆಪ್ಟೆಂಬರ್ 25ರಂದು ಸ್ವಂತ ಮೈದಾನದಲ್ಲಿ, ಕಾಲ ಮುಗಿಯುವ ಹೊತ್ತಿಗೆ ಗಳಿಸಿದ ಅಂಕಗಳಿಂದ, ಝೇವಿಯರ್ ತಂಡವನ್ನು 15–13ರಿಂದ ಸೋಲಿಸಿದರು. ಬಳಿಕ ಬೌಲಿಂಗ್ ಗ್ರೀನ್ ಮೇಲೆ ಇನ್ನೊಂದು ಗೆಲುವು. ಉಳಿದ ಎಂಟರಲ್ಲೂ ಸೋಲು.

ಹತ್ತಕ್ಕೆ ಎರಡು! ನಿಮ್ಮ ಉತ್ತರಪತ್ರಿಕೆಗಳ ಮೇಲೆ ನಾನು ಧಾರಾಳವಾಗಿ ಹರಿಸಿದ ಕೆಂಪು ಶಾಯಿ ನಿಮಗೆ ನೆನಪಿದ್ದೀತು. ಈ ಅಂಕಪಟ್ಟಿಗೆ ಮಾತ್ರ ಅದನ್ನು ಸೋಕಿಸಲಾರೆ.

ಅಲ್ಲಿ ಈಗಲೂ ಪ್ರತಿ ನವೆಂಬರ್ 14ರಂದು ಸ್ಮಾರಕದ ಕಾರಂಜಿಯನ್ನು ನಿಲ್ಲಿಸುತ್ತಾರೆ. ನೀರು ಮತ್ತೆ ಚಿಮ್ಮುವುದು ವಸಂತದಲ್ಲಿ.