ಮೇಷ್ಟರ ಕಾರಿನ ಕ್ಲಚ್ಚು

ಬಾಗಳಿಯ ಕಲ್ಲೇಶ್ವರ ದೇವಾಲಯಕ್ಕೆ ಬಂದವರಿಗೆಲ್ಲ ಆ ನಿವೃತ್ತ ಮೇಷ್ಟರು ತಾವಾಗಿಯೇ ಶಾಸನಗಳ ಪರಿಚಯ ಮಾಡಿಕೊಡುತ್ತಿದ್ದರು. ಚಾಲುಕ್ಯ ಎರಡನೆಯ ತೈಲಪನ ಕಾಲದ, 987ರ ಶಾಸನವೆಂದರೆ ಅವರಿಗೆ ಪ್ರಾಣ. ಯಾರಾದರೂ ಒಂದು ಅಕ್ಷರ ತಪ್ಪಿ ಹೇಳಿದರೂ ಸಹಿಸುತ್ತಿರಲಿಲ್ಲ.

ಅವರ ಇನ್ನೊಂದು ಪ್ರಾಣವೆಂದರೆ ಮನೆಯ ಮುಂದಿನ ಬಿಳಿಯ ಅಂಬಾಸಿಡರ್ ಕಾರು. ಆ ಕಾರಿನ ತಯಾರಿಕೆ 2014ರಲ್ಲೇ ನಿಂತುಹೋಗಿದ್ದರಿಂದ ಅದೂ ಒಂದು ಬಗೆಯ ಪ್ರಾಚೀನ ವಸ್ತುವೇ ಸರಿ. ಅಪರಾತ್ರಿಯಲ್ಲಿ ಯಾರಿಗಾದರೂ ಹೆರಿಗೆಯ ನೋವು ಬಂದರೆ ಹರಪನಹಳ್ಳಿಯ ಆಸ್ಪತ್ರೆಗೆ ಹೊರಡುತ್ತಿದ್ದುದು ಅದೇ. ಬಾಡಿಗೆಯ ಮಾತೆತ್ತಿದರೆ ಮೇಷ್ಟರಿಗೆ ಕೆಂಡದಂಥ ಕೋಪ.

ಅಂಥದೇ ಒಂದು ರಾತ್ರಿ ಕ್ಲಚ್ಚಿನ ಪೆಡಲು ಸಡಿಲವಾಗಿ ಕೆಳಗಿಳಿಯಿತು. ಈ ಕ್ಲಚ್ಚು ನಡೆಯುವುದು ದ್ರವದ ಒತ್ತಡದಿಂದ. ಪೆಡಲು ಒತ್ತಿದರೆ ಮಾಸ್ಟರ್ ಸಿಲಿಂಡರಿನ ಬ್ರೇಕ್ ಆಯಿಲ್ ಸಣ್ಣ ಕೊಳವೆಯಲ್ಲಿ ಹರಿದು, ಗೇರುಪೆಟ್ಟಿಗೆಯ ಬಳಿಯ ಸ್ಲೇವ್ ಸಿಲಿಂಡರಿನ ಪಿಸ್ಟನ್ನನ್ನು ನೂಕುತ್ತದೆ. ದ್ರವ ಸೋರದಂತೆ ತಡೆಯುವುದು ಒಂದು ಪುಟ್ಟ ರಬ್ಬರ್ ವಾಷರು. ಮೇಷ್ಟರು ನೋಡಿದರೆ ಡಬ್ಬಿಯಲ್ಲಿ ಆಯಿಲ್ ತಳ ಕಂಡಿತ್ತು. ಮನೆಯಲ್ಲಿ ಬ್ರೇಕ್ ಆಯಿಲ್ ಇಲ್ಲ. ಒಳಗೆ ಹೆಂಗಸು ನರಳುತ್ತಿದ್ದಳು. ಕೈಗೆ ಸಿಕ್ಕ ಎಂಜಿನ್ ಆಯಿಲನ್ನೇ ಸುರಿದು ಹೊರಟರು. ಕಾರು ಹೋಯಿತು, ಕೂಸು ಕ್ಷೇಮವಾಗಿ ಹುಟ್ಟಿತು.

ಎರಡು ವಾರದ ಮೇಲೆ ಕಾರಿನಡಿ ನೆಲ ಒದ್ದೆಯಾಯಿತು. ಪೆಡಲು ಬಿದ್ದದ್ದು ಏಳಲಿಲ್ಲ. ಕಾರನ್ನು ಮೊದಲನೆಯ ಗೇರಿನಲ್ಲೇ ಸ್ಟಾರ್ಟ್ ಮಾಡಿ, ಜಗ್ಗುತ್ತ ನಿಧಾನವಾಗಿ ಹರಪನಹಳ್ಳಿಯ ಗ್ಯಾರೇಜಿಗೆ ಒಯ್ದರು. ಅಲ್ಲಿದ್ದ ಮೆಕ್ಯಾನಿಕ್ಕು ಅವರ ಹಳೆಯ ಶಿಷ್ಯ. ಒಮ್ಮೆ ಸುಳ್ಳು ಹೇಳಿದ್ದಕ್ಕೆ ಅವರಿಂದಲೇ ಬೆಂಚಿನ ಮೇಲೆ ನಿಂತವನು.

ಅವನು ಸ್ಲೇವ್ ಸಿಲಿಂಡರನ್ನು ಬಿಚ್ಚಿದ. ವಾಷರು ನೆನೆದ ಕಡಲೆಯಂತೆ ಉಬ್ಬಿತ್ತು.

"ಬೇರೆ ಎಣ್ಣೆ ಏನಾರ ಹಾಕಿದ್ರೇನ್ರಿ ಸಾರ್?"

"ಇಲ್ಲವಲ್ಲ," ಎಂದುಬಿಟ್ಟರು ಮೇಷ್ಟರು. ಹೆಸರಿಗೆ ಆಯಿಲ್ ಆದರೂ ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯ ದ್ರವ, ಖನಿಜತೈಲ ಸೋಕಿದರೆ ಆ ರಬ್ಬರು ಊದಿಕೊಳ್ಳುತ್ತದೆ ಎಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಊರಿಗೆಲ್ಲ ತಪ್ಪು ತಿದ್ದುವ ಬಾಯಿಂದ ಆ ಮಾತು ಹೊರಡಲಿಲ್ಲ, ಅಷ್ಟೆ.

ಶಿಷ್ಯ ಮತ್ತೆ ಕೇಳಲಿಲ್ಲ. ಹೊಸ ಸ್ಲೇವ್ ಸಿಲಿಂಡರನ್ನು ಕೂಡಿಸಿ, ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತಿರುಗಿಸಿದ. ಕೊಳವೆಯಲ್ಲಿ ಉಳಿದ ಹಳೆಯ ಎಣ್ಣೆ ಈ ಹೊಸ ವಾಷರನ್ನೂ ಕೆಡಿಸುವುದು ಖಂಡಿತ. ಆಮೇಲೆ ಯಾವ ರಾತ್ರಿ, ಯಾವ ಹೆಂಗಸನ್ನು ಹತ್ತಿಸಿಕೊಂಡಾಗ, ದಾರಿಯ ಯಾವ ಭಾಗದಲ್ಲಿ ಪೆಡಲು ಬಿದ್ದೀತು?

"ತಡೆಯಪ್ಪಾ," ಎಂದರು. "ಎಂಜಿನ್ ಆಯಿಲ್ ಹಾಕಿದ್ದೆ. ಸುಳ್ಳು ಹೇಳಿದೆ."

ಅವನು ನಗಲಿಲ್ಲ. ಮಾಸ್ಟರ್ ಸಿಲಿಂಡರಿನ ವಾಷರುಗಳನ್ನೂ ರಬ್ಬರ್ ಹೋಸನ್ನೂ ಬದಲಾಯಿಸಬೇಕು, ಲೋಹದ ಕೊಳವೆಯನ್ನು ಸ್ಪಿರಿಟ್ಟಿನಿಂದ ತೊಳೆಯಬೇಕು, ಸಾಮಾನು ದಾವಣಗೆರೆಯಿಂದ ಬರಬೇಕು ಎಂದ. ಖರ್ಚು ಇಮ್ಮಡಿಯಾಯಿತು. ಮೂರು ರಾತ್ರಿ ಬಾಗಳಿಯಲ್ಲಿ ಕಾರಿರಲಿಲ್ಲ. ಆ ಮೂರು ರಾತ್ರಿಯೂ ಮೇಷ್ಟರಿಗೆ ನಿದ್ದೆಯಿರಲಿಲ್ಲ. ಯಾರೂ ಕದ ತಟ್ಟಲಿಲ್ಲವೆಂಬುದು ಅವರ ಪುಣ್ಯ.

ನಾಲ್ಕನೆಯ ದಿನ ಕೊಳವೆಯೊಳಗಿನ ಗಾಳಿ ತೆಗೆಯುವುದಷ್ಟೇ ಉಳಿದಿತ್ತು. ಗುರು ಚಾಲಕನ ಸ್ಥಾನದಲ್ಲಿ, ಶಿಷ್ಯ ಕಾರಿನಡಿಯಲ್ಲಿ.

"ಒತ್ತಿ ಹಿಡೀರಿ ಸಾರ್."

ಮೇಷ್ಟರು ಒತ್ತಿ ಹಿಡಿದರು. ನಿಪ್ಪಲ್ ಸಡಿಲಿಸಿದೊಡನೆ ದ್ರವದೊಂದಿಗೆ ಗುಳ್ಳೆಗಳು ಬಂದವು. ಮತ್ತೆ ಬಿಗಿದ.

"ಈಗ ಬಿಡ್ರಿ."

ಬಿಟ್ಟರು. ಹೀಗೆ ಹತ್ತಾರು ಸಲ, ಒಮ್ಮೆಯೂ ಎದುರಾಡದೆ. ಕಡೆಗೆ ಗುಳ್ಳೆ ನಿಂತಿತು. ಪೆಡಲು ಕಾಲಿಗೆ ಗಟ್ಟಿಯಾಗಿ ಸಿಕ್ಕಿತು.